ಜಯಮ್ಮನವರು ಎರಡು ಸಲ ಹೇಳಿದ ಹೆರಿಗೆಗಳು

ಡಿಸ್ಕ್ ಸುಟ್ಟುಹೋಗಿರಲಿಲ್ಲ. ಅದರ ಪಾಸ್‌ವರ್ಡ್ ಮರೆತವಳು ನಾನು. ಸುಟ್ಟುಹೋಯಿತು ಎಂದು ಜಯಮ್ಮನವರಿಗೆ ಸುಳ್ಳು ಹೇಳಿದೆ — ಮುಂದೆ ಅದು ತೆರೆದುಕೊಂಡ ಮೇಲೂ, ತೆರೆಯಿತು ಎಂದು ಹೇಳಲಿಲ್ಲ. ಮೊದಲನೆಯದನ್ನು ಯಾರಾದರೂ ಮನ್ನಿಸಿಯಾರು. ಎರಡನೆಯದನ್ನು ನಾನೇ ಮನ್ನಿಸಲಾರೆ.

ಕನಕಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೊಂದು ಜೆರಾಕ್ಸ್, ಟೈಪಿಂಗ್ ಅಂಗಡಿ. ಜಯಮ್ಮನವರು ಕಬ್ಬಾಳಿನವರು, ಆ ಸುತ್ತಿನ ಹಳ್ಳಿಗಳಲ್ಲಿ ಮೂವತ್ತು ವರ್ಷ ಸರ್ಕಾರಿ ನರ್ಸ್ ಆಗಿದ್ದವರು. ನಿವೃತ್ತರಾಗಿ ಎಷ್ಟೋ ವರ್ಷಗಳ ಮೇಲೆ ಒಂದು ದಿನ ಅಂಗಡಿಗೆ ಬಂದು, ತಾವು ಮಾಡಿಸಿದ ಹೆರಿಗೆಗಳನ್ನೆಲ್ಲ ಬರೆಸಬೇಕು ಎಂದರು. ಒಂದೊಂದು ಮಗುವಿಗೂ ಒಂದೊಂದು ಪುಟ. ಈಗ ದೊಡ್ಡವರಾಗಿರುವ ಆ ಮಕ್ಕಳ ಕೈಗೆ ಅವರವರ ಪುಟ ಮುಟ್ಟಿಸಬೇಕು.

“ತಾನು ಹುಟ್ಟಿದ ದಿನ ಏನಾಯ್ತು ಅಂತ ಯಾರಿಗೂ ನೆನಪಿರಲ್ಲ ಕಣವ್ವ. ನಂಗೈತೆ. ನಾನು ಹೋದ್ಮೇಲೆ ಅದೂ ಇರಲ್ಲ.”

ಅವರ ಬಳಿ ಒಂದು ಚೀಟಿಯೂ ಇರಲಿಲ್ಲ. ಬುಧವಾರ, ಶನಿವಾರ ಬಂದು, ನನ್ನ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು ಹೇಳುವರು. ಯಾವ ಮನೆ, ದೀಪ ಹಿಡಿದವರು ಯಾರು, ರೇಷ್ಮೆಹುಳು ಗೂಡು ಕಟ್ಟುತ್ತಿದ್ದ ಚಂದ್ರಿಕೆಗಳನ್ನು ಸರಿಸಿ ಬಾಣಂತಿಗೆ ಹೇಗೆ ಜಾಗ ಮಾಡಿದರು, ಮಗು ಮೊದಲು ಅತ್ತಿತೋ ಸೀನಿತೋ. ನಾನು ಟೈಪ್ ಮಾಡುತ್ತ ಎಷ್ಟೋ ಸಲ ಕೈ ನಿಲ್ಲಿಸಿ ಅವರ ಮುಖವನ್ನೇ ನೋಡುತ್ತಿದ್ದೆ. ಒಬ್ಬ ಹೆಂಗಸಿನೊಳಗೆ ಇಷ್ಟು ಜನ ಹುಟ್ಟಿದ ಗಳಿಗೆಗಳು ಹೀಗೆ ಒಂದಕ್ಕೊಂದು ಬೆರೆಯದೆ ಉಳಿದಿರಲು ಸಾಧ್ಯವೇ —

ಆ ಪುಟಗಳಲ್ಲಿ ಒಂದು ಮನೆಯದು ಇನ್ನೊಂದು ಮನೆಗೆ ತಿಳಿಯಬಾರದ ಸಂಗತಿಗಳೂ ಇದ್ದವು. “ಬೀಗ ಹಾಕ್ಬುಡು ರೇಣು” ಎಂದರು. ಹೊಸ ಹಾರ್ಡ್ ಡಿಸ್ಕ್ ತಂದು, ಉದ್ದನೆಯ ಪಾಸ್‌ವರ್ಡ್ ಕೊಟ್ಟು ಬೀಗ ಹಾಕಿದೆ. ಎಲ್ಲೂ ಬರೆದಿಡಬಾರದೆಂಬ ಜಂಬ ಬೇರೆ. ನೂರಾ ಅರವತ್ತು ಪುಟಗಳಾದ ಹೊತ್ತಿಗೆ ನನ್ನ ಬೆನ್ನಿನ ಆಪರೇಷನ್ ಆಗಿ ಮೂರು ತಿಂಗಳು ಅಂಗಡಿ ಮುಚ್ಚಿತು. ಮರಳಿ ಬಂದು ಡಿಸ್ಕ್ ಸಿಕ್ಕಿಸಿದರೆ, ಪಾಸ್‌ವರ್ಡಿನ ಮೊದಲ ಅಕ್ಷರವೂ ನೆನಪಿಗೆ ಬರಲಿಲ್ಲ.

ತಿಳಿದ ಹೆಸರು, ತಿಳಿದ ಸಂಖ್ಯೆಗಳನ್ನೆಲ್ಲ ಹಾಕಿ ನೋಡಿದೆ. ರಾಮನಗರದ ಒಬ್ಬ ರಿಪೇರಿಯವರ ಹತ್ತಿರ ಒಯ್ದೆ. “ಫಾರ್ಮ್ಯಾಟ್ ಮಾಡಿದ್ರೆ ಡಿಸ್ಕ್ ನಿಮಗೆ ವಾಪಸ್ ಸಿಗುತ್ತೆ ಮೇಡಂ, ಒಳಗಿರೋದು ಸಿಗಲ್ಲ” ಎಂದರು. ಮಾಡಿಸದೆ ಮನೆಗೆ ತಂದೆ.

ಬುಧವಾರ ಜಯಮ್ಮನವರು ಬಂದರು. ಏನನ್ನೂ ಮರೆಯದ ಹೆಂಗಸಿನ ಎದುರು ‘ಮರೆತೆ’ ಎನ್ನಲು ನಾಲಿಗೆ ಹೊರಳಲಿಲ್ಲ. ಡಿಸ್ಕ್ ಸುಟ್ಟುಹೋಯಿತು ಎಂದೆ.

“ಹೋಗ್ಲಿ ಬುಡು. ಡಿಸ್ಕ್ ಸುಟ್ರೆ ನನ್ನ ತಲೆ ಸುಟ್ಟೋಯ್ತಾ?” ಎಂದು ನೀರು ಕುಡಿದು, ಮೊದಲ ಹೆರಿಗೆಯಿಂದ ಮತ್ತೆ ಹೇಳತೊಡಗಿದರು.

ಆಗ ಅವರಿಗೆ ಎಪ್ಪತ್ತು ದಾಟಿತ್ತು.

ನಾಲ್ಕೈದು ತಿಂಗಳು ಹೀಗೇ ನಡೆಯಿತು. ಒಂದು ಶುಕ್ರವಾರ ಯಾರದೋ ಅರ್ಜಿಯ ಕರಡು ತೆಗೆಯಲು, ಒಂದೇ ಮಗ್ಗುಲು ಅಚ್ಚಾದ ಹಳೆ ಹಾಳೆಗಳ ಕಟ್ಟಿನಿಂದ ಒಂದನ್ನು ಎಳೆದೆ. ತಿರುವಿ ನೋಡಿದರೆ — ನಲವತ್ತೆಂಟು ಅಂಕಿಗಳು. ಪಾಸ್‌ವರ್ಡ್ ಮರೆತರೆ ಬೇಕಾದೀತೆಂದು ಬೀಗ ಹಾಕುವಾಗ ಕಂಪ್ಯೂಟರೇ ಕೊಟ್ಟ ಸಂಖ್ಯೆ ಅದು. ಅಚ್ಚು ತೆಗೆದದ್ದೂ ನನಗೆ ಮರೆತುಹೋಗಿತ್ತು.

ಒಂದೊಂದೇ ಅಂಕಿ ಒತ್ತಿದೆ. ಡಿಸ್ಕ್ ತೆರೆಯಿತು. ನೂರಾ ಅರವತ್ತು ಪುಟಗಳೂ, ಒಂದು ಒತ್ತಕ್ಷರವೂ ಅಳಿಯದೆ, ಹಾಗೆಯೇ ಇದ್ದವು. ನಾನು ಹೋಯಿತೆಂದುಕೊಂಡಿದ್ದು ಎಲ್ಲೂ ಹೋಗಿರಲಿಲ್ಲ. ಎರಡೂ ಕೈ ಮುಗಿದೆ — ಯಾರಿಗೆಂದು ಈಗಲೂ ತಿಳಿಯದು. ಅಂದು ಸಂಜೆಯವರೆಗೂ ಓದುತ್ತ ಕೂತೆ. ಸಾಕಮ್ಮನ ಪುಟವನ್ನೂ ಓದಿದೆ.

ಸಾಕಮ್ಮ ಹೆರಿಗೆಯಲ್ಲಿ ಹೋದವಳು. ರಕ್ತ ನಿಲ್ಲಲಿಲ್ಲ, ಆಸ್ಪತ್ರೆಯ ಜೀಪು ತಡವಾಗಿ ಬಂತು, ಮಗು ಉಳಿಯಿತು ಎಂದು ಆ ಪುಟದಲ್ಲಿತ್ತು. ಅದನ್ನು ಹೇಳಿದ ದಿನ ಜಯಮ್ಮನವರು ಮಾತು ಮುಗಿಸಲಾರದೆ ಎದ್ದು ಹೋಗಿದ್ದರು.

ಮಾರನೆಯ ದಿನ, ಶನಿವಾರ, ಬಂದು ಕೂತು ಕಣ್ಣು ಮುಚ್ಚಿ, “ಇವತ್ತು ಸಾಕಮ್ಮಂದು” ಎಂದರು.

ಆಗಲೇ ಹೇಳಬಹುದಿತ್ತು. ಬೇಡ ಜಯಮ್ಮ, ಸಿಕ್ಕಿದೆ, ಇನ್ನೊಂದು ಸಲ ಆ ಮನೆಗೆ ಹೋಗಬೇಡಿ — ಇಷ್ಟೇ ಸಾಕಿತ್ತು. ಹೇಳಿದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ನಾನು ಕೀಬೋರ್ಡಿನ ಮೇಲೆ ಬೆರಳಿಟ್ಟೆ.

ಅವರು ಹೇಳಿದರು. ಆಮೇಲೆ, ಕಣ್ಣು ತೆರೆಯದೆಯೇ, ಹಿಂದಿನ ಸಲ ಹೇಳದಿದ್ದ ಮಾತು ಹೇಳಿದರು.

“ಜೀಪು ತಡವಾಗಿ ಬರ್ಲಿಲ್ಲ ಕಣವ್ವ. ನಾನೇ ತಡವಾಗಿ ಹೇಳ್ಕಳಿಸ್ದೆ. ಒಂದು ಗಂಟೆ... ನಾನೇ ಸರಿಮಾಡ್ತೀನಿ ಅನ್ಕಂಡೆ. ಬರ್ಕೊ.”

ಬರೆದುಕೊಂಡೆ. ಅವರು ಅತ್ತರು. ನಾನು ನೀರು ಕೊಟ್ಟೆ.

ಮೂವತ್ತು ವರ್ಷ ಒಳಗಿಟ್ಟಿದ್ದನ್ನು ಆ ಮುದುಕಿ ನನ್ನಂಥವಳ ಮುಂದೆ ಎತ್ತಿ ಇಟ್ಟಿದ್ದರು. ಇದಕ್ಕಿಂತ ದೊಡ್ಡ ಧೈರ್ಯವನ್ನು ನಾನು ಕಂಡಿಲ್ಲ. ಅದು ಒಂದು ಮೊಳ ದೂರದಲ್ಲಿ ಕೂತಿತ್ತು — ಆದರೂ ನನ್ನ ಬಾಯಿ ತೆರೆಯಲಿಲ್ಲ. ಅಂದೂ ಇಲ್ಲ, ಮುಂದಿನ ಎರಡು ವರ್ಷವೂ ಇಲ್ಲ. ಉಳಿದ ಹೆರಿಗೆಗಳನ್ನೆಲ್ಲ ಎರಡನೆಯ ಸಲ ಹೇಳಿಸಿಕೊಂಡೆ.

ಹೋದ ತಿಂಗಳು, ಸಾಕಮ್ಮನ ಪುಟ ಮೊದಲು ಅಚ್ಚು ಹಾಕಿಕೊಡು ಎಂದು ಬಂದರು. ಅಂದು ಉಳಿದ ಮಗು ಈಗ ಬಿಡದಿಯ ಒಂದು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾನಂತೆ. ಅವನ ಕೈಗೆ ತಾವೇ ಕೊಡಬೇಕಂತೆ. ತಾಯಿಯ ಸಾವಿಗೆ ತಾವೇ ಕಾರಣ ಎಂದು ಬರೆದ ಹಾಳೆಯನ್ನು ಮಗನಿಗೆ ಕೊಡಲು ಹೊರಟವರನ್ನು ನೋಡಿ ನನ್ನಿಂದ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ.

ಅವರು ಕೇಳಿದರು: “ಸಾಕಮ್ಮನ ವಿಷ್ಯ ಹೇಳ್ದಾಗ ನಿಂಗೆ ಅದು ಸಿಕ್ಕಿತ್ತಾ?”

“ಸಿಕ್ಕಿತ್ತು.”

“ಅತ್ತಾಗ ನೀರು ಕೊಟ್ಟಲ್ಲವ್ವ ನೀನು.”

ಅಷ್ಟೇ. ಬೈದಿದ್ದರೆ ಹೊತ್ತುಕೊಳ್ಳುತ್ತಿದ್ದೆ. ಆಮೇಲೆ, ಮೊದಲ ಸಲದ ಸಾಕಮ್ಮನ ಪುಟ ಅಳಿಸಿಬಿಡು, ಅದು ನನ್ನ ಸುಳ್ಳು ಎಂದರು. ಅವರ ಎದುರೇ ಅಳಿಸಿದೆ. ಎರಡನೆಯದನ್ನು ಮಡಿಸಿ ಚೀಲದಲ್ಲಿಟ್ಟುಕೊಂಡರು.

“ಬಿಡದಿಗೆ ನಾನೂ ಬರ್ತೀನಿ” ಎಂದೆ.

“ಬ್ಯಾಡ. ಇದು ನಂದು. ನಿಂದು ನೀನು ನೋಡ್ಕೊ.”

ಒಬ್ಬರೇ ಬಸ್ ಹತ್ತಿದರು. ಆ ಮಗ ಏನೆಂದನೋ ನನಗೆ ತಿಳಿಯದು. ಅದಾದ ಮೇಲೆ ಅವರು ಅಂಗಡಿಗೆ ಬಂದಿಲ್ಲ.

ಉಳಿದ ಪುಟಗಳನ್ನೆಲ್ಲ ಅಚ್ಚು ಹಾಕಿ, ಒಂದೊಂದನ್ನೂ ಬೇರೆ ಬೇರೆ ಲಕೋಟೆಗೆ ಸೇರಿಸಿ ಅಂಟಿಸಿದ್ದೇನೆ. ನಾಳೆ ಕಬ್ಬಾಳಿಗೆ ಒಯ್ಯುತ್ತೇನೆ. ಬಾಗಿಲು ತೆಗೆದರೆ ಕೈಗೆ ಕೊಡುತ್ತೇನೆ. ತೆಗೆಯದಿದ್ದರೆ ಜಗಲಿಯ ಮೇಲೆ ಕೂತಿರುತ್ತೇನೆ.