ಗರಗಸದವನು ಕೊಟ್ಟ ಆರ್ಕಿಡ್

ಹುಣಸೂರಿನ ಮರದ ಮಿಲ್ಲಿನಲ್ಲಿ ಗರಗಸ ನಡೆಸುತ್ತಿದ್ದವನು ದಿಮ್ಮಿ ಕೊಯ್ಯುವ ಮುನ್ನ ತೊಗಟೆಯನ್ನೆಲ್ಲ ಬೆರಳಿನಿಂದ ಸವರಿ, ಅಂಟಿಕೊಂಡ ಆರ್ಕಿಡ್‌ಗಳನ್ನು ಉಳಿಸುತ್ತಿದ್ದ. ಉಗುರಿನಷ್ಟಿದ್ದ ಒಂದನ್ನು ತೊಗಟೆಸಮೇತ ನನಗೆ ಕೊಟ್ಟು, "ಹೂ ಬುಟ್ರೇನೇ ಜಾತಿ ಗೊತ್ತಾಗೋದು ಸಾ" ಎಂದ.

ನಾನು ದಿನವೂ ಬೆಳಿಗ್ಗೆ ಆರಕ್ಕೆ ಸರಿಯಾಗಿ ನೀರು ಹಾಕಿದೆ. ಮೂರು ಎಲೆಗಳಲ್ಲಿ ಎರಡು ಕೊಳೆತವು. ಗಿಡ ನೋಡಲು ಬಂದ ಗರಗಸದವನು ನಕ್ಕ: "ಗಡಿಯಾರ ನೋಡ್ಕೊಂಡು ಕುಡಿಸ್ತೀರಾ? ಬೇರ್ ನೋಡಿ ಸಾ, ಬೇರ್ ನೋಡಿ! ಬೆಳ್ಳಗಿದ್ರೆ ಬಾಯಾರೈತೆ ಅಂತ, ಹಸ್ರಾಗಿದ್ರೆ ಸಾಕಾಗೈತೆ ಅಂತ."

ಅಂದಿನಿಂದ ಬೇರು ಬೆಳ್ಳಗಾಗುವವರೆಗೂ ಕೈಕಟ್ಟಿ ಕಾದೆ. ಮಳೆಗಾಲದಲ್ಲಿ ಉಳಿದೊಂದು ಎಲೆಯ ಬುಡದಲ್ಲಿ ಸಾಸಿವೆಯಷ್ಟು ಹೂವು ಅರಳಿತು! ತಿಂಡಿಯನ್ನೂ ಬಿಟ್ಟು, ಗಿಡ ಹಿಡಿದು ಮಿಲ್ಲಿಗೆ ಓಡಿದೆ. ಅವನು ಗರಗಸ ನಿಲ್ಲಿಸಿ, ಭೂತಗನ್ನಡಿಯಲ್ಲಿ ತಿರುಗಿಸಿ ತಿರುಗಿಸಿ ನೋಡಿ ಕೂಗಿದ: "ಬನ್ರಲಾ ಎಲ್ರೂವೆ! ಇಂಥ ಜಾತೀನ ನಾನೂ ಇದುವರ್ಗೂ ಕಂಡೇ ಇಲ್ಲ ಕಣ್ರಲಾ!"