ಬಿಟ್ಟುಬಿಟ್ಟ ನೂರು ಪುಟ

ನನ್ನ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಅಕ್ಷರ ಬರುವುದಿಲ್ಲ. ಔರಾದ ಕಡೆಯ ಕುರಿ ಸಾಕುವ ಮನೆಯಲ್ಲಿ ಹುಟ್ಟಿ, ಭಾಲ್ಕಿ ತಾಲೂಕಿನ ಸಾಯಗಾಂವಕ್ಕೆ ಸೊಸೆಯಾಗಿ ಬಂದವರು. ಅಣ್ಣ ತೀರಿಕೊಂಡ ಮೇಲೆ ಬೀದರಿನ ಚಿದ್ರಿಯಲ್ಲಿರುವ ನನ್ನ ಮನೆಯಲ್ಲೇ ಇದ್ದಾರೆ. ನಾನು ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಈಗಲೂ ನನ್ನ ದಿನಕ್ಕೆ ವೇಳಾಪಟ್ಟಿ ಇದೆ. ಮಧ್ಯಾಹ್ನ ಮೂರರಿಂದ ಮೂರೂವರೆ ವೈನಿಗೆ ಕಾದಂಬರಿ ಓದಿ ಹೇಳುವ ಸಮಯ. ಎಂಟು ವರ್ಷದಿಂದ ತಪ್ಪಿಸಿಲ್ಲ.

ಗಿರಣಿಯ ಕಥೆಯನ್ನು ಮೊದಲು ಟಿವಿಯಲ್ಲಿ ನೋಡಿದೆವು. ಹಿಟ್ಟಿನ ಗಿರಣಿ ನಡೆಸುವ ಹುಡುಗಿ, ಅದನ್ನು ರಿಪೇರಿ ಮಾಡಲು ಬಂದು ದಿನಕ್ಕೊಂದು ಭಾಗ ಕೆಡಿಸುವ ಹುಡುಗ, ಜಗಳವಾಡುತ್ತಲೇ ಪ್ರೀತಿ. ಮದುವೆಯ ಚಪ್ಪರದವರೆಗೆ ಬಂದು ಸಿನಿಮಾ ಮುಗಿದುಹೋಯಿತು. ಉಳಿದದ್ದು ಎರಡನೆಯ ಭಾಗದಲ್ಲಂತೆ. ವೈನಿಗೆ ತಡೆಯಲಾಗಲಿಲ್ಲ. ಅದು ಒಂದು ಕಾದಂಬರಿಯಿಂದ ಮಾಡಿದ್ದೆಂದು ತಿಳಿದು, ಗ್ರಂಥಾಲಯದಿಂದ ಆ ಪುಸ್ತಕ ತಂದೆ.

ಹದಿನೈದು ದಿನದ ಅವಧಿ. ಹದಿನಾಲ್ಕನೆಯ ದಿನ ಇನ್ನೂ ನೂರು ಪುಟ ಉಳಿದಿದ್ದವು. ಅವಧಿ ಹೆಚ್ಚಿಸಿ ಕೊಡಿ ಎಂದು ಕೇಳಿದ್ದರೆ ಕೊಡುತ್ತಿದ್ದರು. ಎಂದೂ ಕೇಳಿದವಳಲ್ಲ, ಅಂದೂ ಕೇಳಲಿಲ್ಲ. ಆ ಮಧ್ಯಾಹ್ನ ಪುಸ್ತಕದ ಮೇಲೆ ಕಣ್ಣಿಟ್ಟುಕೊಂಡೇ ಬಾಯಿಗೆ ಬಂದದ್ದು ಹೇಳಿದೆ: ಲಗ್ನವಾಯಿತು, ಅವಳಿ ಮಕ್ಕಳಾದವು, ಗಿರಣಿಗೆ ಹೊಸ ಕಲ್ಲು ಬಂತು. ವೈನಿ "ಛಲೋ ಆತು ತಂಗಿ" ಎಂದರು. ಮರುದಿನ ಹತ್ತು ಗಂಟೆಗೆ ಪುಸ್ತಕ ವಾಪಸು ಕೊಟ್ಟೆ.

ಎರಡನೆಯ ಭಾಗ ಬೀದರಿನ ಟಾಕೀಸಿಗೆ ಬಂದಾಗ ಔರಾದದಿಂದ ವೈನಿಯ ತಂಗಿಯೂ ಬಂದರು. ಅವರಿಗೆ ವೈನಿ ಅವಳಿ ಮಕ್ಕಳವರೆಗೆ ಎಲ್ಲವನ್ನೂ ಮೊದಲೇ ಹೇಳಿಬಿಟ್ಟಿದ್ದರು. ಟಾಕೀಸಿನಲ್ಲೂ ಸುಮ್ಮನಿರಲಿಲ್ಲ.

"ಈಗ ನೋಡು, ತಾಳಿ ಕಟ್ತಾನ."

ಪರದೆಯ ಮೇಲೆ ಹುಡುಗಿ ಬಾಸಿಂಗ ಬಿಚ್ಚಿಟ್ಟಳು. ಗಿರಣಿಯನ್ನು ಅವನು ಬೇಕೆಂದೇ ಕೆಡಿಸುತ್ತಿದ್ದನೆಂದು ಅವಳಿಗೆ ಗೊತ್ತಾಗಿತ್ತು. ಚಪ್ಪರದಿಂದ ಎದ್ದು ಹೋದಳು.

ಮುಂದಿನ ಸಾಲಿನಿಂದ ಯಾರೋ ಹೊರಳಿ ನೋಡಿದರು. "ಆಯಿ, ತಾಳಿ ಯಾವಾಗ ಕಟ್ತಾನರಿ?"

ಆಮೇಲೆ ಹುಡುಗ ವರ್ಷಪೂರ್ತಿ ಅವಳ ಗಿರಣಿಯಲ್ಲೇ ಚೀಲ ಹೊರುತ್ತಾನೆ. ಜನ ಬಿದ್ದು ಬಿದ್ದು ನಕ್ಕರು. ವೈನಿ ನಗಲಿಲ್ಲ. ನನಗೂ ನಗು ಬರಲಿಲ್ಲ.

ಹೊರಗೆ ಬಂದ ಕೂಡಲೇ ವೈನಿಯ ತಂಗಿ ಶುರು ಮಾಡಿದರು. "ಅಕ್ಕಾ, ಅವಳಿ ಮಕ್ಕಳು ಎಲ್ಲಿ? ಸಂತ್ಯಾಗ ಬಿಟ್ಟು ಬಂದಿ ಏನು?"

"ಸಿನಿಮಾದವ್ರು ಕಥಿ ಕೆಡಿಸ್ಯಾರ."

"ಅವ್ರ್ಯಾಕ ಕೆಡಸ್ತಾರ? ನಿನಗ ಓದಾಕ ಬರಂಗಿಲ್ಲಂತ ಯಾರೋ ಏನೋ ಹೇಳ್ಯಾರ. ನೀ ಹೂಂ ಅಂದಿ."

"ಯಾರೋ ಅಲ್ಲ, ನಮ್ಮ ನಾದಿನಿ ಬುಕ್ ನೋಡಿ ಓದ್ಯಾಳ. ಸಾಲಿ ನಡಸಿದಾಕಿ ಅಕಿ. ಸುಳ್ಳು ಹೇಳಂಗಿಲ್ಲ."

ನಾನು ಎರಡು ಹೆಜ್ಜೆ ದೂರದಲ್ಲಿ ಆಟೋ ನಿಲ್ಲಿಸುತ್ತಿದ್ದೆ. ಚಿದ್ರಿ ಎಂದು ಹೇಳಿ ಹತ್ತಿ ಕುಳಿತೆ.

ನಾಲ್ಕು ದಿನ ವೈನಿ ಸಿನಿಮಾದವರನ್ನು ಬೈದರು. ಪ್ರತಿ ಬೈಗುಳಕ್ಕೂ ನಾನು ತಲೆ ತಗ್ಗಿಸಿ ಕಾಳು ಆರಿಸಿದೆ. ಐದನೆಯ ದಿನ ಮೂರು ಗಂಟೆಗೆ ಪುಸ್ತಕ ತೆರೆಯದೆ ಎಲ್ಲವನ್ನೂ ಹೇಳಿದೆ.

"ನೂರು ಪುಟ?"

"ಹೌದ್ರಿ ವೈನಿ."

"ಯಾಕ?"

"ಬುಕ್ ವಾಪಸ್ ಕೊಡೋ ದಿನ ಬಂದಿತ್ತು."

ಆ ಮಾತು ನನ್ನ ಕಿವಿಗೇ ಬಹಳ ಸಣ್ಣದಾಗಿ ಕೇಳಿತು. ವೈನಿ ಸೆರಗಿನ ಅಂಚು ತಿಕ್ಕುತ್ತ ಕೇಳಿದರು.

"ಆ ಡಾಕ್ಟರಕಿ ತವರಿಗೆ ಹೊಳ್ಳಿ ಬಂದಳು ಅಂದಿದ್ದಿ. ಆಕಿ ಖರೇ ಬಂದಳೇನು?"

ಅದು ಎರಡು ವರ್ಷದ ಹಿಂದೆ ಓದಿದ ಬೇರೊಂದು ಪುಸ್ತಕ. ಅದರ ಕೊನೆ ಕೇಳಿದ ದಿನ ವೈನಿ ಅತ್ತಿದ್ದರು. ಮೂರೂವರೆ ಸಮೀಪಿಸಿದಾಗ ಎಷ್ಟೋ ಸಲ ಪುಟ ಹಾರಿಸಿದ್ದೇನೆ. ಕೊನೆಯನ್ನೇ ನಾನು ಕಟ್ಟಿ ಹೇಳಿದ ಪುಸ್ತಕಗಳು ನಾಲ್ಕೆಂದು ಖಚಿತ. ಉಳಿದವುಗಳಲ್ಲಿ ಎಲ್ಲಿ ಬಿಟ್ಟೆ, ಎಲ್ಲಿ ಸೇರಿಸಿದೆ, ನನಗೇ ಗೊತ್ತಿಲ್ಲ.

"ನೆನಪಿಲ್ಲರಿ" ಎಂದೆ.

ವೈನಿ ಮೊಣಕಾಲು ಹಿಡಿದುಕೊಂಡು ಎದ್ದು ಒಳಗೆ ಹೋದರು. ಒಂದು ವಾರ ಮೂರು ಗಂಟೆಗೆ ಹೊರಗೆ ಬರಲಿಲ್ಲ.

ಗಿರಣಿಯ ಪುಸ್ತಕವನ್ನು ಮತ್ತೆ ತಂದೆ. ಬಿಟ್ಟ ಕಡೆಯಿಂದ ಓದಲೇ ಎಂದು ಕೇಳಿದೆ.

"ಒಂದರಿಂದ ಓದು. ಬುಕ್ ನಾ ಹಿಡಿತೀನಿ."

ಅಕ್ಷರ ಬರದಿದ್ದರೂ ವೈನಿಗೆ ಅಂಕಿ ಬರುತ್ತದೆ. ಮೊದಲೆಲ್ಲ ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಈಗ ಪುಸ್ತಕ ಅವರ ತೊಡೆಯ ಮೇಲಿರುತ್ತದೆ. ಹಾಳೆಯನ್ನು ಅವರೇ ತಿರುಗಿಸಿ, ಮೂಲೆಯ ಅಂಕಿಯ ಮೇಲೆ ಬೆರಳಿಟ್ಟು ನೋಡಿ, ಆಮೇಲೆ ನನಗೆ ಓದು ಎನ್ನುತ್ತಾರೆ.