ಸುಮಿದಾನ ಬಲಗಾಲಿನ ಬೂಟು

ಒಸಾಕಾದ ಕ್ಷೌರಿಕ ಸುಮಿದಾ ಬಹಳ ಸಾಧು ಮನುಷ್ಯ. ಅವನಿಗಿದ್ದ ಹುಚ್ಚು ಒಂದೇ: ಹಿಂದೆ ಅಮೆರಿಕದ ಮೋಟಾರ್‌ಸೈಕಲ್ ಸವಾರರು ತೊಡುತ್ತಿದ್ದ, ಲೇಸಿಲ್ಲದ ಎಂಜಿನಿಯರ್ ಬೂಟು. ಮುಪ್ಪಿನಲ್ಲಿ ಅಂಥದೊಂದು ಜೋಡಿ ಸಿಕ್ಕಿತು. ಅಳತೆ ಮಾತ್ರ ಚಿಕ್ಕದು. ಅವನು ಸೇರಿದ್ದ ಹಳೆ ಬೂಟು ಸಂಗ್ರಾಹಕರ ಕೂಟದಲ್ಲಿ ತೊಟ್ಟು ನಡೆಯದ ಬೂಟಿಗೆ ಮರ್ಯಾದೆಯಿಲ್ಲ. ಸುಮಿದಾ ಹಲ್ಲು ಕಚ್ಚಿ ಕಾಲು ತೂರಿಸಿ ನಡೆದ. ಆಮೇಲೆ ಎಡಗಾಲಿನದು ಹೇಗೋ ಕಳಚಿತು. ಬಲಗಾಲು ಊದಿಕೊಂಡು ಹೊರಬರಲೇ ಇಲ್ಲ.

“ಕತ್ತರಿ ತರ್ಲೇನಯ್ಯಾ?” ಎಂದ ಕೂಟದ ಹಿರಿಯ ಹಿರೋಸೆ.

“ಬೇಡ ಹಿರೋಸೆ ಸಾನ್, ಚರ್ಮ ಹಾಳಾಗುತ್ತೆ!”

“ಯಾವ ಚರ್ಮ? ಬೂಟಿಂದೋ, ನಿಂದೋ?”

ಕೂಟವೆಲ್ಲ ಗೊಳ್ಳೆಂದು ನಕ್ಕಿತು.

ಸುಮಿದಾ ಕುಂಟುತ್ತ ಮನೆಗೆ ಹೋದ. ಜ್ವರ ಏರಿತು; ಹೆಂಡತಿ ಅಂಗಲಾಚಿದರೂ ಬೂಟು ಕತ್ತರಿಸಗೊಡಲಿಲ್ಲ. ಕೊನೆಗೆ ಆಸ್ಪತ್ರೆಯಲ್ಲಿ ಬೂಟನ್ನೂ ಸೀಳಿದರು, ಕೊಳೆತ ಪಾದವನ್ನೂ ತೆಗೆದರು.

ಹಿರೋಸೆ ಹಣ್ಣು ಹಿಡಿದು ನೋಡಲು ಬಂದ. ಕ್ಷೇಮ ವಿಚಾರಿಸುತ್ತಲೇ ಮಂಚದ ಕೆಳಗೆ ಬಗ್ಗಿದ.

“ಎಡಗಾಲಿಂದು ಚೆನ್ನಾಗೇ ಇದೆಯಲ್ಲೋ! ನನ್ನತ್ರ ಇದೇ ಅಳತೆಯ ಬಲಗಾಲಿಂದು ಒಂಟಿ ಬಿದ್ದಿದೆ. ಇದನ್ನ ಕೊಟ್ಬಿಡು, ಜೋಡಿಯಾಗುತ್ತೆ.”

ಸುಮಿದಾನ ಕಣ್ಣು ಅರಳಿತು. “ಹಿರೋಸೆ ಸಾನ್, ಆ ಒಂಟಿಯನ್ನೇ ನಂಗೆ ಕೊಡಿ. ಕೈ ಮುಗೀತೀನಿ.”

ಹಿರೋಸೆ ಹೊದಿಕೆಯ ತುದಿಯನ್ನು ನೋಡಿ ನಕ್ಕುಬಿಟ್ಟ.

“ಬಲಗಾಲಿಂದು ನಿಂಗಿನ್ಯಾಕಯ್ಯಾ?”